ಗುಳಿಗೆ ಸೇವಿಸುತ್ತಿದ್ದರೂ ಗರ್ಭ ನಿಂತಾಗ: ಗ್ರಾಮ ಪಂಚಾಯತಿ ಸದಸ್ಯರು ತಿಳಿದಿರಬೇಕಾದ ಸಂಗತಿಗಳು

ಗೋಕಾಕ, ಮೂಡಲಗಿ ಹಾಗೂ ಹುಕ್ಕೇರಿ ತಾಲೂಕುಗಳ ಗ್ರಾಮ ಪಂಚಾಯತಿಗಳ ಮಾನ್ಯ ಅಧ್ಯಕ್ಷರು, ಉಪಾಧ್ಯಕ್ಷರು ಹಾಗೂ ಸದಸ್ಯರ ಗಮನಕ್ಕೆ.

ನಿಪ್ಪಾಣಿಯಿಂದ ಸಂಕೇಶ್ವರದ ಕಡೆಗೆ ರಾಷ್ಟ್ರೀಯ ಹೆದ್ದಾರಿಯಲ್ಲಿ ಬರುವವರಿಗೆ ಹುಕ್ಕೇರಿ ತಾಲೂಕಿನ ಕಣಗಲಾ ಗ್ರಾಮ ಎದುರಾಗುತ್ತದೆ. ಕೇಂದ್ರ ಸರ್ಕಾರದ ಸ್ವಾಮ್ಯದ ಎಚ್‌ಎಲ್‌ಎಲ್ ಲೈಫ್‌ಕೇರ್ ಸಂಸ್ಥೆಯ ಕಾರ್ಖಾನೆಯೊಂದು ಅಲ್ಲಿದೆ. ಹಿಂದೂಸ್ತಾನ್ ಲ್ಯಾಟೆಕ್ಸ್ ಎಂಬ ಹಳೆಯ ಹೆಸರಿನಿಂದಲೇ ಹಿರಿಯರು ಇಂದಿಗೂ ಅದನ್ನು ಗುರುತಿಸುತ್ತಾರೆ. 1980ರ ದಶಕದಲ್ಲಿ ಆರಂಭವಾದ ಈ ಕಾರ್ಖಾನೆಯಲ್ಲಿ ನಿರೋಧದ ಜೊತೆಗೆ ಗರ್ಭನಿರೋಧಕ ಗುಳಿಗೆಗಳೂ ತಯಾರಾಗಿವೆ. ದೇಶದ ಎಷ್ಟೋ ಮನೆಗಳ ಕುಟುಂಬ ಯೋಜನೆಗೆ ನಮ್ಮ ತಾಲೂಕಿನ ಕೈಗಳು ದುಡಿದಿವೆ ಎಂಬುದು ಹೆಮ್ಮೆಯ ಸಂಗತಿಯೇ ಸರಿ. ಆದರೆ ಅದೇ ಗುಳಿಗೆಯನ್ನು ಕುರಿತ ತಿಳಿವಳಿಕೆ ನಮ್ಮ ಹಳ್ಳಿಗಳಲ್ಲಿ ಇನ್ನೂ ಅರ್ಧಂಬರ್ಧವಾಗಿಯೇ ಉಳಿದಿದೆ.

ಗ್ರಾಮ ಆರೋಗ್ಯ ಸಮಿತಿಯ ಸಭೆಯೊಂದರಲ್ಲಿ ಹಿರಿಯ ಸದಸ್ಯರೊಬ್ಬರು ಆಡಿದ ಮಾತು ಈ ಲೇಖನಕ್ಕೆ ಕಾರಣವಾಗಿದೆ. "ಸಾಹೇಬ್ರ, ದಿನಾ ಗುಳಿಗಿ ನುಂಗಿದ್ರೂ ಬಸರಾದ್ಳಂದ್ರ, ಒಂದೋ ಗುಳಿಗಿ ಖೊಟ್ಟಿ, ಇಲ್ಲಾ ಆಕಿ ಮಾತು ಖೊಟ್ಟಿ" ಎಂದು ಅವರು ಹೇಳಿದರು. ಸಭೆಯಲ್ಲಿದ್ದ ಗಂಡಸರು ನಕ್ಕರು. ಮಹಿಳಾ ಸದಸ್ಯರು ತಲೆ ತಗ್ಗಿಸಿದರು. ಆ ಮಾತಿನಲ್ಲಿ ಎರಡು ಆರೋಪಗಳಿವೆ. ಮೊದಲನೆಯದನ್ನು ಜನ ನಂಬಿದರೆ ಸರ್ಕಾರಿ ಗುಳಿಗೆಯನ್ನು ಯಾರೂ ಮುಟ್ಟುವುದಿಲ್ಲ. ಎರಡನೆಯದನ್ನು ನಂಬಿದರೆ ಒಬ್ಬ ಹೆಣ್ಣುಮಗಳ ಬಾಳು ಅನುಮಾನದಲ್ಲಿ ಬೇಯುತ್ತದೆ. ಗಂಡ ದುಡಿಮೆಗೆಂದು ಊರು ಬಿಟ್ಟು ಹದಿನೈದು ದಿನಕ್ಕೊಮ್ಮೆ ಬರುವ ಮನೆಗಳಲ್ಲಿ ಈ ಅನುಮಾನ ಯಾವ ಮಟ್ಟಕ್ಕೆ ಹೋಗುತ್ತದೆ ಎಂಬುದನ್ನು ಸದಸ್ಯರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಗುಳಿಗೆಯೂ ಅಸಲಿಯಾಗಿದ್ದು, ಹೆಣ್ಣುಮಗಳ ಮಾತೂ ನಿಜವಾಗಿದ್ದು, ಆದರೂ ಗರ್ಭ ನಿಲ್ಲುವ ಸಾಧ್ಯತೆ ಖಂಡಿತವಾಗಿ ಇದೆ. ಅದು ಹೇಗೆ ಎಂಬುದನ್ನು ಮೊದಲು ನೋಡೋಣ.

ನಾಮಫಲಕದ ಲೆಕ್ಕ, ನಲ್ಲಿಯ ಲೆಕ್ಕ

ನಾನು ಓದಿದ್ದು ಎಂಜಿನಿಯರಿಂಗ್, ವೈದ್ಯಕೀಯವನ್ನಲ್ಲ. ಆದ್ದರಿಂದ ನನಗೆ ಪರಿಚಿತವಾದ ಉದಾಹರಣೆಯಿಂದಲೇ ಆರಂಭಿಸುತ್ತೇನೆ. ಜಲ ಜೀವನ ಮಿಷನ್ ಕಾಮಗಾರಿಯಲ್ಲಿ ತಲೆಗೆ ದಿನಕ್ಕೆ 55 ಲೀಟರ್ ನೀರು ಎಂದು ಯೋಜನೆ ರೂಪಿಸುತ್ತೇವೆ. ಪಂಪಿನ ನಾಮಫಲಕದ ಮೇಲೆ ಬರೆದಿರುವ ಸಾಮರ್ಥ್ಯ ಸುಳ್ಳಲ್ಲ. ಆದರೂ ಓಣಿಯ ಕೊನೆಯ ಮನೆಯ ನಲ್ಲಿಗೆ ಅಷ್ಟೇ ನೀರು ಬರುತ್ತದೆಯೇ? ಮಧ್ಯೆ ಕರೆಂಟು ಹೋಗುತ್ತದೆ, ವಾಲ್ವ್ ತಿರುಗಿಸುವವರು ರಜೆ ಹಾಕುತ್ತಾರೆ, ಪೈಪು ಸೋರುತ್ತದೆ. ಘಟಪ್ರಭಾ ಎಡದಂಡೆ ಕಾಲುವೆಯ ತುದಿಭಾಗದ ರೈತರಿಗೆ ಈ ವ್ಯತ್ಯಾಸವನ್ನು ಯಾರೂ ಕಲಿಸಬೇಕಾಗಿಲ್ಲ.

ಗುಳಿಗೆಗೂ ಇಂಥದೇ ಎರಡು ಲೆಕ್ಕಗಳಿವೆ. ಒಂದು ದಿನವೂ ತಪ್ಪದೆ, ಒಂದು ಪಾಕೀಟು ಮುಗಿದ ಮರುದಿನವೇ ಇನ್ನೊಂದನ್ನು ಆರಂಭಿಸಿ, ನಿಯಮದಂತೆ ಸೇವಿಸಿದರೆ ವರ್ಷಕ್ಕೆ 1,000 ಮಹಿಳೆಯರಲ್ಲಿ ಸುಮಾರು 3 ಮಂದಿಗೆ ಮಾತ್ರ ಗರ್ಭ ನಿಲ್ಲಬಹುದು. ಇದು ನಾಮಫಲಕದ ಲೆಕ್ಕ. ಸಂಸಾರ, ಹೊಲ, ಜ್ವರ, ಜಾತ್ರೆಗಳ ನಡುವೆ ಜನ ನಿಜವಾಗಿ ಸೇವಿಸುವ ರೀತಿಯನ್ನು ಪರಿಗಣಿಸಿದರೆ, ಮೊದಲ ವರ್ಷದಲ್ಲಿ 100 ಮಹಿಳೆಯರಲ್ಲಿ ಸುಮಾರು 7 ಮಂದಿಗೆ ಗರ್ಭ ನಿಲ್ಲುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕುಟುಂಬ ಯೋಜನಾ ಕೈಪಿಡಿ ತಿಳಿಸುತ್ತದೆ. ಇದು ನಲ್ಲಿಯ ಲೆಕ್ಕ. ಹಾಗೆಂದು ಗುಳಿಗೆ ನಿಷ್ಪ್ರಯೋಜಕವೆಂದು ಭಾವಿಸಲಾಗದು. ಯಾವ ವಿಧಾನವನ್ನೂ ಅನುಸರಿಸದಿದ್ದರೆ ಅದೇ 100 ಮಂದಿಯಲ್ಲಿ ಸುಮಾರು 85 ಮಂದಿ ವರ್ಷದೊಳಗೆ ಗರ್ಭಿಣಿಯರಾಗುತ್ತಾರೆ.

ಒಂದು ಗ್ರಾಮ ಪಂಚಾಯತಿ ವ್ಯಾಪ್ತಿಯಲ್ಲಿ 100 ಮಂದಿ ಗುಳಿಗೆ ಸೇವಿಸುತ್ತಿದ್ದಾರೆಂದು ಇಟ್ಟುಕೊಳ್ಳೋಣ. ವರ್ಷದಲ್ಲಿ ಆರೇಳು ಮನೆಗಳಲ್ಲಿ ಈ ಪ್ರಸಂಗ ಎದುರಾಗುವುದು ನಿರೀಕ್ಷಿತವೇ. ಆ ಆರೇಳು ಮಂದಿಯೂ ಸುಳ್ಳು ಹೇಳುವವರೆಂದು ತೀರ್ಮಾನಿಸುವುದು ಅನ್ಯಾಯ. ಗುಳಿಗೆಯೇ ಖೊಟ್ಟಿ ಎಂದು ಡಂಗುರ ಹೊಡೆಯುವುದು ಉಳಿದ 93 ಮಂದಿಗೆ ಮಾಡುವ ಅನ್ಯಾಯ.

ಎರಡು ಪಾಕೀಟುಗಳ ನಡುವಿನ ಸಂದು

ಸರ್ಕಾರದಿಂದ ದೊರೆಯುವ ಮಾಲಾ-ಎನ್ ಪಾಕೀಟಿನಲ್ಲಿ 28 ಗುಳಿಗೆಗಳಿರುತ್ತವೆ. ಅವುಗಳಲ್ಲಿ 21 ಬಿಳಿ, 7 ಕಂದು. ಬಿಳಿಯವು ಹಾರ್ಮೋನಿನ ಗುಳಿಗೆಗಳು: ಪ್ರತಿಯೊಂದರಲ್ಲಿ 0.15 ಮಿಲಿಗ್ರಾಂ ಲೆವೊನಾರ್ಜೆಸ್ಟ್ರೆಲ್ ಹಾಗೂ 0.03 ಮಿಲಿಗ್ರಾಂ ಎಥಿನೈಲ್ ಎಸ್ಟ್ರಡಯಾಲ್ ಇರುತ್ತವೆ. ಕಂದು ಗುಳಿಗೆಗಳಲ್ಲಿ ಇರುವುದು ಕಬ್ಬಿಣಾಂಶ ಮಾತ್ರ. ಬಿಳಿ ಗುಳಿಗೆಗಳು ಅಂಡಾಶಯವನ್ನು ವಿಶ್ರಾಂತಿಯಲ್ಲಿರಿಸಿ ಅಂಡಾಣು ಬಿಡುಗಡೆಯಾಗದಂತೆ ತಡೆಯುತ್ತವೆ. ಗರ್ಭಕೋಶದ ಕಂಠದ ಲೋಳೆಯನ್ನು ಗಟ್ಟಿಗೊಳಿಸಿ ವೀರ್ಯಾಣುವಿನ ದಾರಿಯನ್ನೂ ಕಟ್ಟುತ್ತವೆ. ಅಂಡಾಶಯವು ಹೀಗೆ ಸಂಪೂರ್ಣ ತಣ್ಣಗಾಗಬೇಕಾದರೆ ಸತತವಾಗಿ 7 ದಿನ ಬಿಳಿ ಗುಳಿಗೆ ಹೊಟ್ಟೆಗೆ ಹೋಗಬೇಕು.

ಕಂದು ಗುಳಿಗೆಯ 7 ದಿನಗಳಲ್ಲಿ ಹಾರ್ಮೋನು ಇರುವುದಿಲ್ಲ. ಆಗ ರಕ್ತಸ್ರಾವವಾಗುತ್ತದೆ, ಅಂಡಾಶಯವೂ ನಿಧಾನವಾಗಿ ಎಚ್ಚರಗೊಳ್ಳಲು ಆರಂಭಿಸುತ್ತದೆ. ಏಳು ದಿನಗಳ ಬಿಡುವು ಅಪಾಯಕಾರಿಯಲ್ಲ, ಅಷ್ಟನ್ನು ಲೆಕ್ಕ ಹಾಕಿಯೇ ಪಾಕೀಟನ್ನು ರೂಪಿಸಲಾಗಿದೆ. ಆದರೆ ಎಂಟನೆಯ ದಿನ ಹೊಸ ಪಾಕೀಟಿನ ಮೊದಲ ಬಿಳಿ ಗುಳಿಗೆ ಹೊಟ್ಟೆಗೆ ಹೋಗದೆ ಬಿಡುವು ಒಂಬತ್ತು, ಹತ್ತು, ಹನ್ನೆರಡು ದಿನಗಳಿಗೆ ಹಿಗ್ಗಿದರೆ ಅಂಡಾಶಯ ಪೂರ್ತಿ ಎಚ್ಚೆತ್ತು ಅಂಡಾಣುವನ್ನು ಬಿಡಬಹುದು.

ನಡು ಪಾಕೀಟಿನಲ್ಲಿ ಒಂದು ಗುಳಿಗೆ ಮರೆತರೆ ಹೆದರಿಕೆ ಕಡಿಮೆ. ಪಾಕೀಟಿನ ಆರಂಭದ ಗುಳಿಗೆ ಮರೆತರೆ, ಅಥವಾ ಬಿಳಿ ಗುಳಿಗೆಗಳ ಕೊನೆಯವನ್ನು ಬಿಟ್ಟರೆ, ಹೆದರಿಕೆ ಹೆಚ್ಚು. ನಮ್ಮ ಹಳ್ಳಿಗಳಲ್ಲಿ ಜನ ಇದನ್ನು ತಿರುಗಾಮುರುಗಾ ತಿಳಿದಿದ್ದಾರೆ. "ತಿಂಗಳ ನಡುವೆ ಮಾತ್ರ ಹುಷಾರಾಗಿರಬೇಕು, ಮುಟ್ಟು ಆದ ಕೂಡಲೇ ಏನೂ ಆಗುವುದಿಲ್ಲ" ಎಂಬ ನಂಬಿಕೆ ಗುಳಿಗೆ ಸೇವಿಸುವವರಿಗೆ ಅನ್ವಯಿಸುವುದಿಲ್ಲ.

ಹೊಸ ಪಾಕೀಟು ತಡವಾಗುವುದಕ್ಕೆ ಸಾಮಾನ್ಯವಾಗಿ ಎರಡು ಕಾರಣಗಳಿವೆ. ಮೊದಲನೆಯದು ತಪ್ಪು ಎಣಿಕೆ. ಪ್ರಥಮ ಪಾಕೀಟನ್ನು ಮುಟ್ಟಿನ ಐದು ದಿನಗಳೊಳಗೆ ಆರಂಭಿಸಬೇಕೆಂದು ಹೇಳಲಾಗುತ್ತದೆ. ಆ ಮಾತನ್ನು ಪ್ರತಿ ತಿಂಗಳಿಗೂ ಅನ್ವಯಿಸಿಕೊಂಡು, 28 ಗುಳಿಗೆ ಮುಗಿದ ಮೇಲೂ ಮುಟ್ಟಿಗಾಗಿ ಕಾದು, ಐದನೆಯ ದಿನಕ್ಕೆ ಹೊಸದನ್ನು ಆರಂಭಿಸುವವರಿದ್ದಾರೆ. ಇನ್ನು ಕೆಲವರು ಕಂದು ಗುಳಿಗೆಯನ್ನು ಎಸೆದು, ಸ್ರಾವ ಪೂರ್ತಿ ನಿಂತ ಮೇಲೆ ಎಂದೋ ಆರಂಭಿಸುತ್ತಾರೆ. ಇವೆರಡೂ ತಪ್ಪು. ಸ್ರಾವ ಇರಲಿ, ನಿಂತಿರಲಿ, 28ನೆಯ ಗುಳಿಗೆಯ ಮರುದಿನವೇ ಹೊಸ ಪಾಕೀಟಿನ ಮೊದಲ ಗುಳಿಗೆ. ಕಂದು ಗುಳಿಗೆಯನ್ನು ಬಿಟ್ಟರೆ ಗರ್ಭ ನಿಲ್ಲುವುದಿಲ್ಲ, ಆದರೆ ದಿನದ ಎಣಿಕೆ ತಪ್ಪುತ್ತದೆ. ಆ ಏಳು ಗುಳಿಗೆಗಳು ರಕ್ತಹೀನತೆಗೆ ಎಷ್ಟು ಉಪಯುಕ್ತವೋ, ದಿನದ ಲೆಕ್ಕ ಹಿಡಿಯುವುದಕ್ಕೂ ಅಷ್ಟೇ ಉಪಯುಕ್ತ.

ಎರಡನೆಯ ಕಾರಣ ನೇರವಾಗಿ ನಮಗೆ ಸಂಬಂಧಿಸಿದ್ದು: ಆ ದಿನ ಊರಿನಲ್ಲಿ ಹೊಸ ಪಾಕೀಟು ಇಲ್ಲದಿರುವುದು. ಜಿಲ್ಲಾ ಉಗ್ರಾಣದಿಂದ ತಾಲೂಕಿಗೆ, ಅಲ್ಲಿಂದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಉಪಕೇಂದ್ರಕ್ಕೆ, ಕೊನೆಗೆ ಆಶಾ ಕಾರ್ಯಕರ್ತೆಯ ಚೀಲಕ್ಕೆ ಗುಳಿಗೆ ಇಳಿದು ಬರಬೇಕು. ಈ ಸರಪಳಿಯ ಯಾವ ಕೊಂಡಿ ಹತ್ತು ದಿನ ನಿಂತರೂ ಅದರ ಪರಿಣಾಮ ಒಬ್ಬ ಗೃಹಿಣಿಯ ಎಂಟನೆಯ ದಿನದ ಮೇಲೆ ಆಗುತ್ತದೆ. ಕಣಗಲಾದಿಂದ ಕೂಗಳತೆಯ ಊರಿಗೂ ಗುಳಿಗೆ ಬರುವುದು ಇದೇ ಸುತ್ತು ಹಾದಿಯಲ್ಲಿ. ಆಕೆ "ಗುಳಿಗೆ ತಗೊಳ್ಳಾಕತ್ತೀನಿ" ಎಂದು ಹೇಳುವುದು ಪ್ರಾಮಾಣಿಕವಾದ ಮಾತೇ; ನಡುವೆ ನಾಲ್ಕು ದಿನ ಪಾಕೀಟು ಸಿಗದೆ ಹೋದದ್ದನ್ನು ಆಕೆ ತಪ್ಪೆಂದು ಎಣಿಸಿರುವುದೇ ಇಲ್ಲ.

ಮರೆತಾಗ ಏನು ಮಾಡಬೇಕೆಂಬುದು ಪ್ರತಿ ಸದಸ್ಯರ ಮನೆಯವರಿಗೂ ತಿಳಿದಿರಲಿ. ಒಂದು ಬಿಳಿ ಗುಳಿಗೆ ಮರೆತರೆ, ನೆನಪಾದ ಕೂಡಲೇ ಅದನ್ನು ನುಂಗಿ, ಆ ದಿನದ ಗುಳಿಗೆಯನ್ನು ಎಂದಿನ ಹೊತ್ತಿಗೆ ಸೇವಿಸಬೇಕು. ಒಂದೇ ದಿನ ಎರಡಾದರೂ ಹಾನಿಯಿಲ್ಲ. ಸತತ ಎರಡು ಅಥವಾ ಹೆಚ್ಚು ಮರೆತರೆ, ಒಂದನ್ನು ಕೂಡಲೇ ನುಂಗಿ ಪಾಕೀಟನ್ನು ಮುಂದುವರಿಸಬೇಕು ಮತ್ತು ಸತತ 7 ದಿನ ಗುಳಿಗೆ ಸೇವಿಸುವವರೆಗೆ ನಿರೋಧ್ ಬಳಸಬೇಕು. ಮರೆತದ್ದು ಬಿಳಿ ಗುಳಿಗೆಗಳ ಮೂರನೆಯ ವಾರದಲ್ಲಾದರೆ, ಉಳಿದ ಬಿಳಿ ಗುಳಿಗೆಗಳನ್ನು ಮುಗಿಸಿ, ಕಂದು ಗುಳಿಗೆಗಳನ್ನು ಬಿಟ್ಟು, ನೇರವಾಗಿ ಹೊಸ ಪಾಕೀಟಿಗೆ ಹೋಗಬೇಕು. ಮೊದಲ ವಾರದಲ್ಲಿ ಎರಡು ಮರೆತು ಸಂಪರ್ಕವಾಗಿದ್ದರೆ 72 ಗಂಟೆಯೊಳಗಿನ ತುರ್ತು ಗುಳಿಗೆಯ ಬಗ್ಗೆ ಆಶಾ ಅಥವಾ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಬೇಕು. ಗುಳಿಗೆ ನುಂಗಿದ ಎರಡು ಗಂಟೆಯೊಳಗೆ ವಾಂತಿಯಾದರೆ ಇನ್ನೊಂದನ್ನು ನುಂಗಬೇಕು. ವಾಂತಿ ಭೇದಿ ಎರಡು ದಿನ ಮುಂದುವರಿದರೆ ಆ ದಿನಗಳನ್ನು ಮರೆತ ದಿನಗಳೆಂದೇ ಎಣಿಸಬೇಕು.

ವಾರದ ಗುಳಿಗೆಯಾದ ಛಾಯಾದ ಲೆಕ್ಕ ಬೇರೆ. ಲಕ್ನೋದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ರೂಪಿಸಿದ ಈ ಗುಳಿಗೆಯಲ್ಲಿ ಹಾರ್ಮೋನು ಇರುವುದಿಲ್ಲ. ಹಾಲುಣಿಸುವ ತಾಯಂದಿರಿಗೂ ಕೊಡಬಹುದು. ಹೆರಿಗೆಯಾಗಿ ಆರು ತಿಂಗಳಾಗದ, ಮಗುವಿಗೆ ಎದೆಹಾಲು ಕೊಡುತ್ತಿರುವ ತಾಯಿಗೆ ಮಾಲಾ-ಎನ್ ತಕ್ಕದ್ದಲ್ಲ. ಛಾಯಾವನ್ನು ಮೊದಲ ಮೂರು ತಿಂಗಳು ವಾರಕ್ಕೆ ಎರಡು ನಿಗದಿತ ದಿನ, ನಾಲ್ಕನೆಯ ತಿಂಗಳಿನಿಂದ ವಾರಕ್ಕೆ ಒಂದು ದಿನ ಸೇವಿಸಬೇಕು. ಇಲ್ಲಿ ಸೋಲು ಆಗುವುದು ಬಹುತೇಕ ಮೊದಲ ಮೂರು ತಿಂಗಳ "ವಾರಕ್ಕೆ ಎರಡು" ಎಂಬುದನ್ನು ಬಿಟ್ಟು ಆರಂಭದಿಂದಲೇ ವಾರಕ್ಕೊಂದು ನುಂಗುವವರಲ್ಲಿ. ಒಂದು ಗುಳಿಗೆ ಮರೆತರೆ ಕೂಡಲೇ ಸೇವಿಸಿ, ಮುಂದಿನ ಮುಟ್ಟಿನವರೆಗೆ ನಿರೋಧ್ ಬಳಸಬೇಕು. ಏಳು ದಿನಕ್ಕಿಂತ ಹೆಚ್ಚು ತಡವಾದರೆ ಹೊಸದಾಗಿ ಆರಂಭಿಸಿದಂತೆ ಮೂರು ತಿಂಗಳು ವಾರಕ್ಕೆರಡರ ಕ್ರಮ. ಛಾಯಾ ಸೇವಿಸುವವರಲ್ಲಿ ಮುಟ್ಟು ಕೆಲ ದಿನ ಮುಂದೆ ಹೋಗುವುದು ಸಹಜ. ಆದರೆ 15 ದಿನ ಮೀರಿದರೆ ಪರೀಕ್ಷೆ ಮಾಡಿಸಲೇಬೇಕು.

ಜಾತ್ರೆ, ಕಬ್ಬು ಮತ್ತು ಕ್ಷಯ

ನಮ್ಮ ಮೂರು ತಾಲೂಕುಗಳಿಗೆ ವಿಶೇಷವೆನಿಸಿದ ಮೂರು ಸಂದರ್ಭಗಳನ್ನು ಇಲ್ಲಿ ಹೇಳಬಯಸುತ್ತೇನೆ.

ಬನದ ಹುಣ್ಣಿಮೆ, ಭರತ ಹುಣ್ಣಿಮೆಗೆ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಹೋಗುವಾಗ, ಊರ ದೇವಿಯ ಜಾತ್ರೆ ಬಂದಾಗ, ಮನೆಯಲ್ಲಿ ಮದುವೆಯಿದ್ದಾಗ, ಮುಟ್ಟು ಮುಂದೂಡುವ ಗುಳಿಗೆಯನ್ನು ಔಷಧ ಅಂಗಡಿಯಿಂದ ತರಿಸಿ ನುಂಗುವ ರೂಢಿಯಿದೆ. ನಾರೆಥಿಸ್ಟರೋನ್ ಎಂಬ ಆ ಗುಳಿಗೆಯನ್ನು ಈ ರೀತಿ ನಾಲ್ಕೈದು ದಿನ ನುಂಗಿದರೆ ಗರ್ಭ ತಡೆಯುತ್ತದೆಂಬ ಭರವಸೆಯಿಲ್ಲ. ಮಾಲಾ-ಎನ್ ಅನ್ನು ಪಕ್ಕಕ್ಕಿಟ್ಟು ಇದನ್ನು ನುಂಗಿ, "ಗುಳಿಗೆ ತಪ್ಪಿಸಿಲ್ಲ" ಎಂದು ತಿಳಿದವರು ಮೋಸ ಹೋಗುತ್ತಾರೆ. ಮಾಲಾ-ಎನ್ ಸೇವಿಸುವವರಿಗೆ ಈ ಖರ್ಚೂ ಬೇಕಿಲ್ಲ: ಕಂದು ಗುಳಿಗೆಗಳನ್ನು ಬಿಟ್ಟು ಮುಂದಿನ ಪಾಕೀಟಿನ ಬಿಳಿ ಗುಳಿಗೆಯನ್ನು ಮುಂದುವರಿಸಿದರೆ ಸ್ರಾವವೂ ಮುಂದೆ ಹೋಗುತ್ತದೆ, ರಕ್ಷಣೆಯೂ ಉಳಿಯುತ್ತದೆ. ಅದಕ್ಕೆ ಮುಂದಿನ ಪಾಕೀಟು ಒಂದು ವಾರ ಮೊದಲೇ ಕೈಯಲ್ಲಿರಬೇಕು, ಅಷ್ಟೆ.

ಕಬ್ಬಿನ ಹಂಗಾಮು ಆರಂಭವಾದರೆ ಕಡಿಯುವ ಗ್ಯಾಂಗುಗಳು ನಸುಕಿನ ಮೂರು ಗಂಟೆಗೆ ಏಳುತ್ತವೆ; ಕೆಲವು ಕುಟುಂಬಗಳು ತಿಂಗಳುಗಟ್ಟಲೆ ಹೊಲದ ಗುಡಿಸಲಲ್ಲಿ, ಪರ ಊರಿನಲ್ಲಿ, ಗಡಿಯಾಚೆ ಇರುತ್ತವೆ. ರಾತ್ರಿ ಊಟದ ನಂತರ ಗುಳಿಗೆ ನುಂಗುತ್ತಿದ್ದ ಹೆಣ್ಣುಮಗಳು ಅಲ್ಲಿ ಊಟಕ್ಕೂ ಮೊದಲೇ ನಿದ್ದೆಗೆ ಬೀಳುತ್ತಾಳೆ. ಪಾಕೀಟು ಮುಗಿದರೆ ಅಲ್ಲಿನ ಆಶಾಗೆ ಇವಳು ಅಪರಿಚಿತೆ. ತಗಡಿನ ಗುಡಿಸಲಿನ ಬಿಸಿಲಿನಲ್ಲಿ, ಗಂಟಿನೊಳಗೆ ನಜ್ಜಿದ ಗುಳಿಗೆಯ ಗುಣವೂ ಕೆಡಬಹುದು. ಅತ್ತೆಯ ಕಣ್ಣಿಗೆ ಬೀಳದಂತೆ ಜೋಳದ ಚೀಲದಲ್ಲಿ ಬಚ್ಚಿಟ್ಟ ಪಾಕೀಟಿನ ಗತಿಯೂ ಇದೇ. ಬಚ್ಚಿಟ್ಟು ನುಂಗುವ ಔಷಧ ಹೊತ್ತಿಗೆ ಸರಿಯಾಗಿ ಹೊಟ್ಟೆಗೆ ಹೋಗುವುದು ಅಪರೂಪ. ಹಂಗಾಮಿಗೆ ಹೊರಡುವ ಕುಟುಂಬಗಳಿಗೆ ಮೂರ್ನಾಲ್ಕು ತಿಂಗಳಿಗಾಗುವಷ್ಟು ಪಾಕೀಟುಗಳನ್ನು ಒಮ್ಮೆಗೇ ಕೊಡುವಂತೆ ವೈದ್ಯಾಧಿಕಾರಿಗಳನ್ನು ಕೋರುವ ಅವಕಾಶ ಪಂಚಾಯತಿಗೆ ಇದೆ.

ಮೂರನೆಯದು ಅತ್ಯಂತ ಕಡಿಮೆ ಜನರಿಗೆ ತಿಳಿದಿರುವುದು. ಕ್ಷಯ ರೋಗದ ಚಿಕಿತ್ಸೆಯಲ್ಲಿ ರಿಫಾಂಪಿಸಿನ್ ಎಂಬ ಔಷಧ ಇರುತ್ತದೆ. ಅದು ಯಕೃತ್ತಿನಲ್ಲಿ ಮಾಲಾ-ಎನ್‌ನ ಹಾರ್ಮೋನನ್ನು ಬೇಗಬೇಗನೆ ಕರಗಿಸಿಬಿಡುತ್ತದೆ. ಒಂದು ದಿನವೂ ತಪ್ಪದೆ ಗುಳಿಗೆ ನುಂಗಿದರೂ ರಕ್ತದಲ್ಲಿ ಸಾಕಷ್ಟು ಪ್ರಮಾಣ ಉಳಿಯುವುದಿಲ್ಲ. ಚಿಕಿತ್ಸೆ ಮುಗಿದ ಮೇಲೂ ಸುಮಾರು ನಾಲ್ಕು ವಾರ ಈ ಪರಿಣಾಮ ಇರುತ್ತದೆ. ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್, ಕಾರ್ಬಮಜೆಪಿನ್, ಫಿನೋಬಾರ್ಬಿಟಾಲ್ ಗುಳಿಗೆಗಳೂ ಇದೇ ರೀತಿ ವರ್ತಿಸುತ್ತವೆ. ನೆಗಡಿ, ಗಾಯಗಳಿಗೆ ಕೊಡುವ ಸಾಮಾನ್ಯ ಆಂಟಿಬಯೋಟಿಕ್‌ಗಳಿಂದ ಇಂಥ ತೊಂದರೆಯಿಲ್ಲ. ಕ್ಷಯಮುಕ್ತ ಪಂಚಾಯತಿ ಪ್ರಶಸ್ತಿಗಾಗಿ ನಾವು ರೋಗಿಗಳ ಪಟ್ಟಿ ಹಿಡಿದು ಪೌಷ್ಟಿಕ ಆಹಾರದ ಕಿಟ್ ಹಂಚುತ್ತೇವೆ, ಫೋಟೋ ತೆಗೆಸುತ್ತೇವೆ. ಆ ಪಟ್ಟಿಯಲ್ಲಿರುವ ಹರೆಯದ ಗೃಹಿಣಿ ಗರ್ಭನಿರೋಧಕ ಗುಳಿಗೆ ಸೇವಿಸುತ್ತಿದ್ದಾಳೆಯೇ ಎಂದು ಆರೋಗ್ಯ ಸಿಬ್ಬಂದಿ ಕೇಳಿದ್ದಾರೆಯೇ? ಕೇಳಿದ್ದರೆ ಆಕೆಗೆ ಅಂತರಾ ಚುಚ್ಚುಮದ್ದನ್ನೋ, ವೈದ್ಯರು ಪರೀಕ್ಷಿಸಿ ತಕ್ಕದ್ದೆಂದರೆ ಕಾಪರ್-ಟಿಯನ್ನೋ ಸೂಚಿಸಬಹುದಿತ್ತು. ಇವೆರಡರ ಮೇಲೆ ಆ ಔಷಧದ ಪರಿಣಾಮ ಆಗುವುದಿಲ್ಲ.

ಗರ್ಭ ನಿಂತಿದೆ ಎಂಬ ಸಂಶಯ ಬಂದರೆ

ಕಂದು ಗುಳಿಗೆಯ ವಾರದಲ್ಲಿ ಸ್ರಾವವಾಗದಿದ್ದರೆ, ವಾಕರಿಕೆ, ಎದೆ ಭಾರ ಕಂಡರೆ, ಮೊದಲು ಮಾಡಬೇಕಾದದ್ದು ಪರೀಕ್ಷೆ. ನಿಶ್ಚಯ್ ಕಿಟ್ ಆಶಾ ಕಾರ್ಯಕರ್ತೆಯ ಬಳಿ ಉಚಿತವಾಗಿ ದೊರೆಯುತ್ತದೆ. ಬೆಳಗಿನ ಮೊದಲ ಮೂತ್ರದಿಂದ ಐದೇ ನಿಮಿಷದಲ್ಲಿ ಮನೆಯಲ್ಲೇ ಪರೀಕ್ಷಿಸಬಹುದು. ಎರಡು ಗೆರೆ ಮೂಡಿದರೆ ಗರ್ಭ ಖಚಿತ; ಗುಳಿಗೆಯನ್ನು ಅಂದೇ ನಿಲ್ಲಿಸಬೇಕು.

ಆಗ ಮನೆಯವರನ್ನು ಕಾಡುವ ಮೊದಲ ಭಯ, ಇಷ್ಟು ದಿನ ನುಂಗಿದ ಗುಳಿಗೆಯಿಂದ ಕೂಸು ಊನವಾಗಿ ಹುಟ್ಟುತ್ತದೆಯೋ ಎಂಬುದು. ಮಾಲಾ-ಎನ್ ಬಗೆಯ ಗುಳಿಗೆಯನ್ನು ಗರ್ಭದ ಆರಂಭದಲ್ಲಿ ತಿಳಿಯದೆ ಸೇವಿಸಿದ್ದರಿಂದ ಮಗುವಿಗೆ ಅಂಗವೈಕಲ್ಯ ಹೆಚ್ಚುವುದಿಲ್ಲವೆಂದು ದೀರ್ಘಕಾಲದ ಅನುಭವದಿಂದ ತಿಳಿದುಬಂದಿದೆ. ಈ ಒಂದು ಭಯದಿಂದಲೇ ಬೇಕಾಗಿದ್ದ ಗರ್ಭವನ್ನೂ ತೆಗೆಸಿಕೊಂಡವರಿದ್ದಾರೆ ಎಂಬುದು ನೋವಿನ ಸಂಗತಿ. ಮಗು ಬೇಕೆಂದರೆ 12 ವಾರದೊಳಗೆ ಹೆಸರು ನೋಂದಾಯಿಸಿ ತಾಯಿ ಕಾರ್ಡ್ ಪಡೆಯಲಿ. ಗುಳಿಗೆ ಸೇವಿಸಿದ ವಿಷಯವನ್ನು ವೈದ್ಯರಿಗೆ ತಿಳಿಸಲಿ. ಕೆಳಹೊಟ್ಟೆಯ ಒಂದು ಪಕ್ಕದಲ್ಲಿ ತೀವ್ರ ನೋವು, ರಕ್ತಸ್ರಾವ, ತಲೆಸುತ್ತಿ ಬೀಳುವುದು ಕಂಡರೆ ಗರ್ಭ ನಾಳದಲ್ಲಿ ನಿಂತಿರುವ ಸಾಧ್ಯತೆಯಿರುತ್ತದೆ. ಬೆಳಗಾಗಲೆಂದು ಕಾಯದೆ 108ಕ್ಕೆ ಕರೆ ಮಾಡಬೇಕು.

ಮಗು ಬೇಡವೆಂದರೆ? ಈ ಪ್ರಶ್ನೆಯನ್ನು ಸದಸ್ಯರು ಬದಿಗೆ ಸರಿಸಬಾರದು. 2022ರ ಜೂನ್ ತಿಂಗಳಲ್ಲಿ ಮೂಡಲಗಿ ಪಟ್ಟಣದ ಹಳ್ಳದಲ್ಲಿ ಡಬ್ಬಿಯಲ್ಲಿ ತುಂಬಿ ಎಸೆದಿದ್ದ ಏಳು ಭ್ರೂಣಗಳು ಸಿಕ್ಕಿದ್ದನ್ನು ನಾವ್ಯಾರೂ ಮರೆತಿಲ್ಲ. ಆ ಘಟನೆಯ ನಂತರ ಗರ್ಭಪಾತವೆಂದರೆ ಎಲ್ಲವೂ ಅಪರಾಧವೇ ಎಂಬ ಅಂಜಿಕೆ ಜನರಲ್ಲಿ ಮೂಡಿದೆ. ಕಾನೂನು ಹಾಗೆ ಹೇಳುವುದಿಲ್ಲ. ಭ್ರೂಣದ ಲಿಂಗ ಪತ್ತೆ ಮಾಡುವುದು, ಹೆಣ್ಣೆಂದು ತಿಳಿದು ತೆಗೆಸುವುದು 1994ರ ಕಾಯ್ದೆಯಡಿ ಅಪರಾಧ. ಅದರಲ್ಲಿ ಯಾವ ರಿಯಾಯಿತಿಯೂ ಇಲ್ಲ. ಆದರೆ 1971ರ ವೈದ್ಯಕೀಯ ಗರ್ಭಪಾತ ಕಾಯ್ದೆ ಗರ್ಭನಿರೋಧಕ ವಿಧಾನದ ವೈಫಲ್ಯವನ್ನು ಗರ್ಭಪಾತಕ್ಕೆ ಕಾನೂನುಬದ್ಧ ಕಾರಣವೆಂದು ಸ್ಪಷ್ಟವಾಗಿ ಒಪ್ಪಿದೆ. 20 ವಾರಗಳವರೆಗೆ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯ ಸಾಕು. ಮೊದಲು "ವಿವಾಹಿತೆ ಮತ್ತು ಆಕೆಯ ಪತಿ" ಎಂದಿದ್ದ ಮಾತನ್ನು 2021ರ ತಿದ್ದುಪಡಿಯು "ಯಾವುದೇ ಮಹಿಳೆ ಮತ್ತು ಆಕೆಯ ಸಂಗಾತಿ" ಎಂದು ಬದಲಿಸಿತು. 18 ವರ್ಷ ತುಂಬಿದ ಮಹಿಳೆಯ ಒಪ್ಪಿಗೆ ಮಾತ್ರ ಬೇಕು. ಗಂಡನ, ಅತ್ತೆಯ, ಪಂಚಾಯತಿಯ ಸಹಿ ಬೇಕಿಲ್ಲ. ಆಕೆಯ ಹೆಸರನ್ನು ಬಹಿರಂಗಪಡಿಸಿದ ವೈದ್ಯರಿಗೆ ಒಂದು ವರ್ಷದವರೆಗೆ ಜೈಲು ಶಿಕ್ಷೆಗೆ ಅವಕಾಶವಿದೆ.

ಇದು ತಿಳಿಯದ ಕಾರಣ ಜನ ಔಷಧ ಅಂಗಡಿಯಿಂದ ಗರ್ಭಪಾತದ ಗುಳಿಗೆ ತಂದು ತಾವೇ ನುಂಗುತ್ತಾರೆ, ಇಲ್ಲವೇ ಪದವಿಯಿಲ್ಲದವರ ಕೈಗೆ ಜೀವ ಒಪ್ಪಿಸುತ್ತಾರೆ. ಗರ್ಭಪಾತದ ಗುಳಿಗೆಯನ್ನು ಮೊದಲ 9 ವಾರದೊಳಗೆ, ವೈದ್ಯರ ಚೀಟಿಯ ಮೇಲೆ, ಅವರ ನಿಗಾದಲ್ಲಿಯೇ ಸೇವಿಸಬೇಕು. 72 ಗಂಟೆಯ ತುರ್ತು ಗುಳಿಗೆ ಇದಕ್ಕಿಂತ ಬೇರೆಯೇ ಆದದ್ದು. ಒಮ್ಮೆ ನಿಂತ ಗರ್ಭವನ್ನು ಅದು ತೆಗೆಯುವುದಿಲ್ಲ. ಅಂಗಡಿಯ ಕಟ್ಟೆಯಲ್ಲಿ ಈ ಎರಡನ್ನೂ ಮಾಲಾ-ಎನ್ ಜೊತೆಗೆ ಸೇರಿಸಿ "ಅದೇ ಗುಳಿಗಿ" ಎಂದು ಒಂದೇ ಹೆಸರಿನಿಂದ ಕರೆಯುವುದರಿಂದ ಎಷ್ಟು ಅನಾಹುತವಾಗಿದೆಯೋ ಲೆಕ್ಕವಿಲ್ಲ.

ಪಂಚಾಯತಿ ಎಲ್ಲಿ ಕೈ ಹಾಕಬೇಕು, ಎಲ್ಲಿ ಹಾಕಬಾರದು

ಚುನಾಯಿತ ಸಂಸ್ಥೆ ಇಂಥ ವಿಷಯ ಮಾತನಾಡುವುದು ಸಭ್ಯವಲ್ಲವೆಂದು ಕೆಲ ಸದಸ್ಯರು ಭಾವಿಸುವುದುಂಟು. ಮೈಸೂರು ಸಂಸ್ಥಾನದ ಸರ್ಕಾರವು 1930ರಲ್ಲಿಯೇ ಸರ್ಕಾರಿ ಆಸ್ಪತ್ರೆಗಳಲ್ಲಿ ಜನನ ನಿಯಂತ್ರಣ ಚಿಕಿತ್ಸಾಲಯ ತೆರೆಯಲು ಮುಂದಾಗಿತ್ತು. ನಾವು ಅಂದು ಮುಂಬಯಿ ಪ್ರಾಂತದಲ್ಲಿದ್ದೆವು. ಆ ಪ್ರಾಂತದ ಮುಂಬಯಿ ನಗರದಲ್ಲಿ ರಘುನಾಥ ಧೋಂಡೊ ಕರ್ವೆಯವರು ಅದಕ್ಕೂ ಮೊದಲೇ, 1921ರಲ್ಲಿ, ಜನನ ನಿಯಂತ್ರಣ ಕೇಂದ್ರ ನಡೆಸಿದ್ದರು. ಸುಮಾರು ನೂರು ವರ್ಷಗಳ ಹಿಂದೆ ಆಡಬಹುದಾಗಿದ್ದ ಮಾತನ್ನು ಇಂದು ನಾವು ಆಡಲು ಸಂಕೋಚಪಡಬೇಕಾಗಿಲ್ಲ.

ಆದರೆ ಒಂದು ಗೆರೆಯನ್ನು ದಾಟಬಾರದು. ಯಾರು ಗುಳಿಗೆ ಸೇವಿಸುತ್ತಾರೆ, ಯಾರಿಗೆ ಗರ್ಭ ನಿಂತಿದೆ, ಯಾರು ತೆಗೆಸಿದರು ಎಂಬ ಹೆಸರುಗಳು ಪಂಚಾಯತಿಗೆ ಬೇಡ. ಆಶಾ ಕಾರ್ಯಕರ್ತೆಯನ್ನು ಸಭೆಯಲ್ಲಿ ನಿಲ್ಲಿಸಿ ಪಟ್ಟಿ ಓದಿಸುವುದು, ಫಲಾನುಭವಿಗಳ ಹೆಸರನ್ನು ವಾಟ್ಸಾಪ್ ಗುಂಪಿಗೆ ಹಾಕುವುದು ಸರ್ವಥಾ ಕೂಡದು. ಹೆಸರು ಹೊರಬಿದ್ದ ಊರಿನಲ್ಲಿ ಮುಂದಿನ ತಿಂಗಳು ಪಾಕೀಟು ಪಡೆಯಲು ಯಾರೂ ಬರುವುದಿಲ್ಲ. ಪಾಕೀಟು ಪಡೆಯದವರ ಬಿಡುವು ಎಷ್ಟು ದಿನ ಹಿಗ್ಗುತ್ತದೆಂಬುದನ್ನು ಮೇಲೆ ಹೇಳಿದ್ದೇನೆ.

ಪಂಚಾಯತಿ ಕೇಳಬೇಕಾದದ್ದು ಸಂಖ್ಯೆಯನ್ನು. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಸಭೆಯಲ್ಲಿ ನಿಮ್ಮ ಪೈಕಿ ಒಬ್ಬರು ಅಧ್ಯಕ್ಷತೆ ವಹಿಸುತ್ತೀರಿ, ಆಶಾ ಸದಸ್ಯ ಕಾರ್ಯದರ್ಶಿಯಾಗಿರುತ್ತಾರೆ. ಅಲ್ಲಿ ಕಿರಿಯ ಮಹಿಳಾ ಆರೋಗ್ಯ ಸಹಾಯಕಿಯರನ್ನು ಕೇಳಿ: ಮಾಲಾ-ಎನ್ ಎಷ್ಟು ಪಾಕೀಟು ಇದೆ, ಛಾಯಾ ಎಷ್ಟಿದೆ, ನಿಶ್ಚಯ್ ಕಿಟ್ ಎಷ್ಟಿದೆ, ಅವಧಿ ಮುಗಿಯುವ ದಿನಾಂಕ ಯಾವುದು, ಕಳೆದ ತಿಂಗಳು ಎಷ್ಟು ದಿನ ದಾಸ್ತಾನು ಇರಲಿಲ್ಲ. ಕೊನೆಯ ಪ್ರಶ್ನೆಗೆ ಬಂದ ಉತ್ತರವನ್ನು ನಡಾವಳಿಯಲ್ಲಿ ದಾಖಲಿಸಿ, ತಾಲೂಕು ಆರೋಗ್ಯಾಧಿಕಾರಿಗಳಿಗೆ ಪತ್ರ ಬರೆಯಿರಿ. ದಾಖಲಾಗದ ಕೊರತೆಯನ್ನು ಯಾವ ಉಗ್ರಾಣವೂ ತುಂಬುವುದಿಲ್ಲ. ಇದು ನೀರಿನ ಟ್ಯಾಂಕರಿನ ವಿಷಯದಲ್ಲಿ ನಮಗೆಲ್ಲ ಅನುಭವಕ್ಕೆ ಬಂದಿರುವ ಮಾತು. ಆಶಾ ಮೂಲಕ ಮನೆಬಾಗಿಲಿಗೆ ತಲುಪಿಸುವ ವ್ಯವಸ್ಥೆ 2011ರಿಂದ ಇದೆ. ಒಂದು ತಿಂಗಳ ಪಾಕೀಟಿಗೆ ಒಂದು ರೂಪಾಯಿ ಮಾತ್ರ. ಆರೋಗ್ಯ ಕೇಂದ್ರದಲ್ಲಿ ಅದೂ ಇಲ್ಲ.

ಒಂದು ಮಾತು ಪುರುಷ ಸದಸ್ಯರಿಗೆ. ಗುಳಿಗೆ ಮರೆತ ವಾರದಲ್ಲಿ ನಿರೋಧ್ ಬಳಸಬೇಕಾದವರು ಗಂಡಸರು. ಉಪಕೇಂದ್ರದ ಗೋಡೆಗೆ ನಿರೋಧ್ ಡಬ್ಬಿ ತೂಗುಹಾಕಿದರೆ ಊರ ಮಾನ ಹೋಗುತ್ತದೆಂದು ತೆಗೆಸಿದ ಉದಾಹರಣೆ ಇದೆ. ಆ ಡಬ್ಬಿಯನ್ನು ಗ್ರಾಮ ಪಂಚಾಯತಿಯ ಗ್ರಂಥಾಲಯದ ಹಿಂಬದಿಯಲ್ಲಿ, ಯಾರನ್ನೂ ಕೇಳದೆ ಕೈ ಹಾಕಿ ತೆಗೆದುಕೊಳ್ಳುವಂಥ ಜಾಗದಲ್ಲಿ ಇಡಲು ಅಡ್ಡಿಯೇನಿದೆ?

ಕಬ್ಬಿನ ಹಂಗಾಮಿಗೆ ಹೊರಡುವ ಕುಟುಂಬಗಳ ಸಂಖ್ಯೆಯನ್ನು ದಸರೆಗೆ ಮೊದಲೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿದರೆ, ಅಷ್ಟು ಹೆಚ್ಚುವರಿ ಪಾಕೀಟುಗಳ ಬೇಡಿಕೆಯನ್ನು ಮುಂಚಿತವಾಗಿ ಸಲ್ಲಿಸಲು ವೈದ್ಯಾಧಿಕಾರಿಗಳಿಗೆ ಅನುಕೂಲವಾಗುತ್ತದೆ. ಕುಟುಂಬಗಳ ಸಂಖ್ಯೆ, ಹೊರಡುವ ಅಂದಾಜು ದಿನ, ಮರಳುವ ತಿಂಗಳು: ಪತ್ರದಲ್ಲಿ ಇವಿಷ್ಟಿದ್ದರೆ ಸಾಕು.